ತೋಟದ ಮನೆಯ ಮಳೆ ಲೆಕ್ಕಕ್ಕೆ ಡಿಒಐ ಮಾಡಿಸಿದ್ದು

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವವರು ಇವತ್ತಿಗೂ ಇದ್ದಾರೆ. ಅಂಗಳದಾಚೆ ಒಂದು ಮಳೆಮಾಪಕ, ಜಗಲಿಯಲ್ಲಿ ಒಂದು ಹಳೇ ಡೈರಿ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಯಾವಾಗ ಹೊಡೆಸಬೇಕು ಅಂತ ನೋಡಲು ಈ ಲೆಕ್ಕ ಬೇಕಾಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಇಂಥ ಕೆಲವು ಮನೆಗಳ ಡೈರಿಗಳನ್ನು ಟೈಪ್ ಮಾಡಿ, ಯಾರು ಬೇಕಾದರೂ ಬಳಸುವಂತೆ ಜೆನೋಡೊದಲ್ಲಿ ಇಟ್ಟಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ಕೆಲಸ, ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಅಷ್ಟಿಷ್ಟು ಬರುತ್ತದೆ. ಹೇಗೆ ಮಾಡಿದ್ರಿ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ಜೆನೋಡೊ ಅಂದರೆ ಜಿನೀವಾದ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಉಚಿತ ಸಂಶೋಧನಾ ಭಂಡಾರ. ಒಂದು ದಾಖಲೆಗೆ 50 ಜಿಬಿ ಜಾಗ ಕೊಡುತ್ತಾರೆ. ನಮ್ಮ ಡೈರಿಗಳೆಲ್ಲ ಸೇರಿದರೂ ಮೊಬೈಲಿನ ಒಂದು ಫೋಟೋದಷ್ಟು ಆಗಲಿಲ್ಲ. ಜಾಗಕ್ಕಿಂತ ನನಗೆ ಬೇಕಾಗಿದ್ದದ್ದು ಡಿಒಐ, ಅಂದರೆ ಇಂಟರ್ನೆಟ್ಟಿನಲ್ಲಿ ಇಟ್ಟ ದಾಖಲೆಗೆ ಕೊಡುವ ಕಾಯಂ ಗುರುತಿನ ನಂಬರ್. ಡಿಒಐ ಒಂಥರಾ ಜಮೀನಿನ ಸರ್ವೆ ನಂಬರ್. ಯಜಮಾನ ಬದಲಾಗಲಿ, ದಾರಿ ಬದಲಾಗಲಿ, ನಂಬರ್ ಹಿಡಿದು ಹೋದರೆ ಜಾಗ ಸಿಗುತ್ತದೆ. ಆ ನಂಬರಿಗೆ ಒಂದು ಪಹಣಿ ಇರಬೇಕಲ್ಲ, ಅದೇ ಮೆಟಾಡೇಟಾ. ಯಾರು ಮಾಡಿದ್ದು, ಯಾವ ವರ್ಷದ್ದು, ಯಾವ ಬಗೆಯದು ಎಂಬ ವಿವರ. ಜೆನೋಡೊ ಡಿಒಐ ಕೊಡುವುದು 2009ರಲ್ಲಿ ಶುರುವಾದ ಡೇಟಾಸೈಟ್ ಸಂಸ್ಥೆಯ ಮೂಲಕ. ಅವರು ಕಡ್ಡಾಯ ಅಂತ ಕೇಳುವ ವಿವರ ತೀರಾ ಕಡಿಮೆ. ಗುರುತು, ಮಾಡಿದವರು, ಹೆಸರು, ಪ್ರಕಾಶಕರು, ವರ್ಷ, ಬಗೆ, ಅಷ್ಟೇ. ಫಾರ್ಮ್ ತುಂಬುವುದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅಷ್ಟನ್ನೇ ತುಂಬಿ ಬಿಟ್ಟರೆ ಆ ಡೇಟಾ ಇದ್ದೂ ಇಲ್ಲದ ಹಾಗೆ.

ನಿಜವಾದ ಕೆಲಸ ಇರುವುದು ಡೈರಿ ಇರುವ ಮನೆಯಲ್ಲಿ. ಅಲ್ಲಿ ಕೂತು ಕೇಳಬೇಕು. ಮೊದಲ ಪ್ರಶ್ನೆ, ಮಾಪಕದ ಬಾಯಿ ಎಷ್ಟು ದೊಡ್ಡದು? ಬಾಯಿ 100 ಚದರ ಸೆಂಟಿಮೀಟರ್ ಇದ್ದರೆ 10 ಮಿಲಿಲೀಟರ್ ನೀರು ಅಂದರೆ 1 ಮಿಲಿಮೀಟರ್ ಮಳೆ. ಬಾಯಿ 200 ಆದರೆ 20 ಮಿಲಿಲೀಟರ್ ಬೇಕು. ಅಳೆಯುವ ಗಾಜು ಒಡೆದುಹೋಗಿ, ಬೇರೆ ಅಳತೆಯ ಮಾಪಕದ ಗಾಜು ತಂದಿಟ್ಟರೆ ಅವತ್ತಿನಿಂದ ಲೆಕ್ಕವೆಲ್ಲ ಅರ್ಧ, ಇಲ್ಲವೇ ದುಪ್ಪಟ್ಟು. ಇದು ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಮನೆಯವರಿಗೆ ಮಾತ್ರ ಗೊತ್ತು.

ಎರಡನೆಯದು ಹೊತ್ತು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ತಾರೀಖಿಗೆ ಹಾಕುತ್ತದೆ. ಮನೆಗಳಲ್ಲಿ ಹಾಗೇ ಅಂತ ಇಲ್ಲ. ಕೆಲವರು ಬೆಳಿಗ್ಗೆ ಅಳೆದು 'ನಿನ್ನೆಯ ಮಳೆ' ಅಂತ ಹಿಂದಿನ ತಾರೀಖಿಗೆ ಬರೆಯುತ್ತಾರೆ. 2019ರ ಆಗಸ್ಟಿನ ಆ ಮಹಾ ಮಳೆಯನ್ನು ಎರಡು ಡೈರಿಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ದಿನ ಆಚೀಚೆ ಕಾಣುತ್ತದೆ. ಎರಡೂ ಸರಿಯೇ. ಬರೆಯುವ ರೀತಿ ಬೇರೆ, ಅಷ್ಟೇ.

ಇನ್ನು ಡೈರಿಯಲ್ಲಿ ಖಾಲಿ ಬಿಟ್ಟ ದಿನಗಳು. "ಮಳೆ ಇಲ್ಲದ ದಿನ ಸೊನ್ನೆ ಹಾಕ್ತೀರಾ, ಖಾಲಿ ಬಿಡ್ತೀರಾ?" ಅಂತ ಕೇಳಿದೆ. "ಖಾಲಿ ಬಿಡೋದು ಮಾರಾಯಾ. ಮದುವೆ ಮನೆಗೆ ಹೋದ ದಿನಾನೂ ಖಾಲಿಯೇ" ಅಂದರು ಒಬ್ಬ ಹಿರಿಯರು. ಹಾಗಾದರೆ ಮದುವೆ ಮುಗಿಸಿ ಬಂದ ದಿನದ ಅಂಕಿ ಎರಡು ಮೂರು ದಿನದ ಮೊತ್ತ ಅಂತಾಯಿತು. ಮಳೆಗಾಲದ ನಡುವೆ ಖಾಲಿ ಬಿದ್ದ ದಿನವನ್ನು ಕಂಪ್ಯೂಟರ್ ಸೊನ್ನೆ ಅಂದುಕೊಂಡರೆ ಮುಂದಿನ ಸರಾಸರಿಗಳೆಲ್ಲ ಹಾಳು. ಅದಕ್ಕೇ ಪ್ರತಿ ಅಂಕಿಯ ಪಕ್ಕ ಒಂದು ಗುರುತಿನ ಕಾಲಂ ಇಟ್ಟಿದ್ದೇನೆ. ಅಳೆದದ್ದು, ಅಳೆಯದ್ದು, ಹಲವು ದಿನದ ಮೊತ್ತ, ಓದಲಾಗದ್ದು.

ಟೈಪ್ ಮಾಡುವಾಗ ಒಂದೇ ನಿಯಮ. ಡೈರಿಯಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಕಾಲಂನಲ್ಲಿ. '2 ಇಂಚು 40 ಸೆಂಟ್' ಅಂತಿದ್ದರೆ ಹಾಗೇ. ಮಿಲಿಮೀಟರಿಗೆ ತಿರುಗಿಸುವುದು ಪ್ರೋಗ್ರಾಂ ಕೆಲಸ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್, ಅಲ್ಲಿಗೆ 60.96. ಹೀಗೆ ಮಾಡಿದರೆ ನಾಳೆ ಯಾರಿಗಾದರೂ ಅನುಮಾನ ಬಂದಾಗ ಮೂಲ ನೋಡಬಹುದು. ತಾರೀಖನ್ನು 2019-08-06 ಅನ್ನುವ ಕ್ರಮದಲ್ಲೇ ಬರೆದೆ. 6/8 ಅಂತ ಬರೆದರೆ ಎಕ್ಸೆಲ್ ಒಂದು ಕಂಪ್ಯೂಟರಿನಲ್ಲಿ ಆಗಸ್ಟ್ ಅನ್ನುತ್ತದೆ, ಇನ್ನೊಂದರಲ್ಲಿ ಜೂನ್ ಅನ್ನುತ್ತದೆ. ಒಂದು ಮನೆಯವರು ತಾವೇ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಅದನ್ನು ಯೂನಿಕೋಡಿಗೆ ತಂದು, ಒತ್ತಕ್ಷರ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಬೇಕಾಯಿತು. ಬೇಜಾರಿನ ಕೆಲಸ, ಬಿಡಿ.

ಹೆಸರಿನ ವಿಷಯಕ್ಕೆ ಜಾಸ್ತಿ ಯೋಚನೆ ಮಾಡಿದೆ. ಡೇಟಾಸೈಟ್‌ನಲ್ಲಿ 'ಡೇಟಾ ಕಲೆಕ್ಟರ್' ಅಂತ ಒಂದು ಪಾತ್ರ ಇದೆ. ಮಳೆ ಅಳೆದವರನ್ನು ಅಲ್ಲಿ ಸೇರಿಸಿ ಅಂತ ಗೆಳೆಯರು ಹೇಳಿದರು. ಆದರೆ ಆ ಪಟ್ಟಿಯಲ್ಲಿ ಇದ್ದವರ ಹೆಸರು ಉಲ್ಲೇಖದಲ್ಲಿ, ಅಂದರೆ ಡೇಟಾ ಬಳಸಿದವರು ಇದು ಇಂಥವರದ್ದು ಅಂತ ಬರೆಯುವ ಸಾಲಿನಲ್ಲಿ, ಬರುವುದಿಲ್ಲ. ಉಲ್ಲೇಖದ ಸಾಲಿಗೆ ಬರುವುದು ಕರ್ತೃಗಳ ಪಟ್ಟಿಯಲ್ಲಿ ಇದ್ದವರು ಮಾತ್ರ. ವರ್ಷಗಟ್ಟಲೆ ಕೊಡೆ ಹಿಡಿದು ಹೋಗಿ ಅಳೆದವರು ಅವರು, ಸುಮ್ನೆ ಕೂತು ಟೈಪ್ ಮಾಡಿದವನ ಹೆಸರು ಮಾತ್ರ ಬರುವುದು ಯಾವ ನ್ಯಾಯ? ಒಪ್ಪಿದವರನ್ನೆಲ್ಲ ಕರ್ತೃಗಳ ಸಾಲಿನಲ್ಲೇ, ನನಗಿಂತ ಮೊದಲು ಹಾಕಿದೆ. ಒಬ್ಬರು "ನನ್ನ ಹೆಸರು ಬೇಡ, ಅಪ್ಪಯ್ಯ ಬರೆದದ್ದು, ಅವರದ್ದೇ ಹಾಕಿ" ಅಂದರು. ತೀರಿಕೊಂಡವರ ಹೆಸರು ಹಾಕಲು ಯಾವ ಅಡ್ಡಿಯೂ ಇಲ್ಲ. ಇನ್ನೊಬ್ಬರು ಹೆಸರೂ ಬೇಡ, ಮನೆ ಎಲ್ಲಿದೆ ಅಂತಲೂ ಬೇಡ ಅಂದರು. ಅವರ ಜಾಗದ ಅಕ್ಷಾಂಶ ರೇಖಾಂಶವನ್ನು ಎರಡು ದಶಾಂಶಕ್ಕೆ ನಿಲ್ಲಿಸಿದೆ. ಸುಮಾರು ಒಂದು ಕಿಲೋಮೀಟರ್ ಒಳಗೆ ಎಲ್ಲೋ ಇದೆ ಅಂತ ಗೊತ್ತಾಗುತ್ತದೆ, ಮನೆ ಗೊತ್ತಾಗುವುದಿಲ್ಲ. ಮಳೆ ಲೆಕ್ಕಕ್ಕೆ ಅಷ್ಟು ಸಾಕು. ಆಮೇಲೆ ಎಲ್ಲ ಮನೆಗಳಿಗೂ ಅದನ್ನೇ ಮಾಡಿದೆ.

ಫಾರ್ಮ್ ಕುಲನಾಮ ಬೇರೆ, ಹೆಸರು ಬೇರೆ ಅಂತ ಕೇಳುತ್ತದೆ. ನಮ್ಮಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಆಯಿತು. ಹೇಗೆ ತುಂಬಿದರೂ ಒಂದೊಂದು ಯಂತ್ರ ಒಂದೊಂದು ಥರ ಓದುತ್ತದೆ. ನನ್ನಂಥವರಿಗೆ ಆರ್ಕಿಡ್ (ORCID) ಇದೆ, ಸಂಶೋಧನೆ ಬರೆಯುವವರಿಗೆ ಅಂತ 2012ರಿಂದ ಬಂದಿರುವ 16 ಅಂಕಿಯ ಗುರುತು. ಹೆಸರು ಹೇಗೆ ಬರೆದರೂ ನಂಬರ್ ಒಂದೇ. ಊರಿನ ಹೆಸರಿಗೂ ಇದೇ ಪಾಡು. 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲೂ ಶಿವಮೊಗ್ಗ ಆಯಿತು. ಹಳೇ ಲೇಖನಗಳಲ್ಲೆಲ್ಲ ಶಿಮೊಗ. ಕೀವರ್ಡಿನಲ್ಲಿ ಎರಡೂ ಹಾಕಿದೆ. ಶೀರ್ಷಿಕೆ ಕನ್ನಡದಲ್ಲೇ ಇದೆ, ಇಂಗ್ಲಿಷಿನದು ಎರಡನೆಯ ಶೀರ್ಷಿಕೆ.

ಲೈಸೆನ್ಸ್ ಸಿಸಿ ಬೈ 4.0. ಮಾರಾಟ ಸೇರಿ ಏನು ಬೇಕಾದರೂ ಮಾಡಿ, ಹೆಸರು ಹೇಳಿ ಅನ್ನುವುದು. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿದ್ದೆ. ಪ್ರೋಗ್ರಾಂ ಇರುವುದು ಗಿಟ್‌ಹಬ್ ಎಂಬ ಪ್ರೋಗ್ರಾಂ ಹಂಚಿಕೊಳ್ಳುವ ತಾಣದಲ್ಲಿ, ಎಂಐಟಿ ಎಂಬ ಮುಕ್ತ ಲೈಸೆನ್ಸ್ ಜೊತೆ. ಲೈಸೆನ್ಸ್ ಕಡತ ಇಲ್ಲದ ಪ್ರೋಗ್ರಾಂ ಕಣ್ಣಿಗೆ ಕಂಡರೂ ಕಾನೂನಿನ ಪ್ರಕಾರ ಬಳಸುವಂತಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗಿಟ್‌ಹಬ್ ಖಾತೆಯನ್ನು ಜೆನೋಡೊಗೆ ಜೋಡಿಸಿದರೆ ಪ್ರತಿ ಬಿಡುಗಡೆಯೂ ತಾನಾಗಿ ಭಂಡಾರಕ್ಕೆ ಹೋಗಿ ಡಿಒಐ ಪಡೆಯುತ್ತದೆ. ಡೇಟಾದ ದಾಖಲೆಯಲ್ಲಿ ಪ್ರೋಗ್ರಾಂನ ಡಿಒಐ, ಅದರಲ್ಲಿ ಇದರದ್ದು, ಹೀಗೆ ಎರಡನ್ನೂ ಕಟ್ಟಿದ್ದೇನೆ.

ಒಮ್ಮೆ ಪ್ರಕಟಿಸಿದ ಮೇಲೆ ಕಡತ ಬದಲಿಸಬೇಕಾದರೆ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನೇ ಮಾಡಬೇಕು. ಪ್ರತಿ ಆವೃತ್ತಿಗೆ ಒಂದು ಡಿಒಐ, ಎಲ್ಲಕ್ಕೂ ಸೇರಿ ಇನ್ನೊಂದು. ಈಗ ಎರಡನೇ ಆವೃತ್ತಿ ತಯಾರಾಗುತ್ತಿದೆ. ಸಾಗರದ ಕಡೆಯ ಒಂದು ಪುಸ್ತಕದಲ್ಲಿ ದಿನದ ಲೆಕ್ಕವೇ ಇಲ್ಲ. ಆರಿದ್ರಾ ಇಷ್ಟು, ಪುನರ್ವಸು ಇಷ್ಟು, ಪುಷ್ಯ ಇಷ್ಟು ಅಂತ ಮಳೆ ನಕ್ಷತ್ರದ ಮೊತ್ತ ಮಾತ್ರ. ದಿನಕ್ಕೆ ಹಂಚಿ ಸರಾಸರಿ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ಅಳೆಯದ ಅಂಕಿಯನ್ನು ಅಳೆದದ್ದರ ಜೊತೆ ಸೇರಿಸಲು ಮನಸ್ಸು ಬರಲಿಲ್ಲ. ಇದಕ್ಕೆ ಬೇರೆ ಕಡತವೇ ಆಗಲಿದೆ. ನಕ್ಷತ್ರದ ಹೆಸರು, ಅದು ಹಿಡಿದ ತಾರೀಖು, ಬಿಟ್ಟ ತಾರೀಖು, ಮೊತ್ತ. ಆರಿದ್ರಾ ಜೂನ್ 21, 22ರ ಆಸುಪಾಸು ಹಿಡಿಯುತ್ತದೆ. ಆಯಾ ವರ್ಷದ ತಾರೀಖಿಗೆ ಆ ಮನೆಯವರು ಯಾವ ಪಂಚಾಂಗ ನೋಡುತ್ತಿದ್ದರು ಅಂತ ಕೇಳಿ ಬರಬೇಕು. ಅದಕ್ಕೂ ಒಂದು ಕಾಲಂ.