ಎಐ ಹತ್ರ ಕೋಡ್ ಕೇಳುವ ಮೊದಲು ಡೇಟಾಶೀಟ್ ಕೊಡಿ

ಬದಿಯಡ್ಕ, ಪೆರ್ಲ ಕಡೆ ತೋಟದ ಪಂಪಿಗೆ ಸೆನ್ಸರ್ ಕೂರಿಸುವವರಿಗೆ, ಪ್ರಾಜೆಕ್ಟ್ ಮಾಡುವ ಮಕ್ಕಳಿಗೂ: ಚಾಟ್‌ಜಿಪಿಟಿಯೋ ಜೆಮಿನಿಯೋ ಯಾವುದಾದರೂ ಸರಿ, ನೇರ ಕೋಡ್ ಕೇಳಬೇಡಿ, ಮೊದಲು ನಿಮ್ಮ ಬೋರ್ಡಿನ ಡೇಟಾಶೀಟಿನಲ್ಲಿ (ತಯಾರಕರೇ ಕೊಡುವ ವಿವರದ ಪತ್ರ) ಪಿನ್ ಮತ್ತು ಎಡಿಸಿ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಬಗ್ಗೆ ಇರುವ ಪುಟ ಹಾಕಿ "ಇದರಲ್ಲಿ ಇರುವುದನ್ನು ಮಾತ್ರ ಹೇಳು, ಯಾವ ಸಾಲು ಅಂತ ತೋರಿಸು, ಇಲ್ಲದಿದ್ದರೆ ಇಲ್ಲ ಅನ್ನು, ಉತ್ತರ ಕನ್ನಡದಲ್ಲಿರಲಿ" ಅಂತ ಬರೆಯಿರಿ. ಸುಮ್ನೆ ಕೇಳಿದರೆ ಅದು ನಾಲ್ಕು ಬೋರ್ಡಿನದ್ದು ಕಲಸಿ ಹೇಳುವುದುಂಟು, ಅದೂ ಭಾರೀ ಧೈರ್ಯದಲ್ಲಿ. ಉದಾಹರಣೆಗೆ, ಇಎಸ್‌ಪಿ32 ಎಂಬ ವೈಫೈ ಇರುವ ಬೋರ್ಡಿನಲ್ಲಿ ಮಣ್ಣಿನ ತೇವದ ಸೆನ್ಸರನ್ನು 25, 26, 27ನೇ ಪಿನ್ನಿಗೆ ಕೊಟ್ಟರೆ ವೈಫೈ ಆನ್ ಆದ ಕೂಡಲೇ ರೀಡಿಂಗ್ ಕೈಕೊಡುತ್ತದೆ, ಯಾಕೆಂದರೆ ಅವು ಎರಡನೇ ಎಡಿಸಿಯವು (ಎಡಿಸಿ2), ಅದನ್ನು ವೈಫೈಯೂ ಬಳಸುತ್ತದೆ; 32ರಿಂದ 35 ಆದರೆ ತೊಂದರೆ ಇಲ್ಲ. ಪುಟ ಎದುರಿಗಿದ್ದರೆ ಇದನ್ನೆಲ್ಲ ಊಹಿಸುವ ಕೆಲಸ ಅದಕ್ಕಿಲ್ಲ, ನಿಮಗೂ ಒಂದು ಸಂಜೆ ಉಳಿಯುತ್ತದೆ. ಆದರೆ ಸ್ಕ್ಯಾನ್ ಮಾಡಿದ ಮಸುಕು ಪಿಡಿಎಫ್ ಆದರೆ, ಅಥವಾ ಪಟ್ಟಿ ಕಾಪಿ ಮಾಡುವಾಗ ಸಾಲು ಚದುರಿದರೆ ಇದು ನಡೆಯಲ್ಲ, ಒಂದು ಪಿನ್ನಿನದ್ದನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತದೆ. ಪಿನ್ ನಂಬರ್ ನೀವೇ ಒಮ್ಮೆ ನೋಡಿ. ಮತ್ತೆ ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆ ಇಲ್ಲದೆ ವೈರು ಸಿಕ್ಕಿಸುವ ಹಲಗೆ) ಲೂಸ್ ಆದ ವೈರು ಎಐಗೆ ಕಾಣಲ್ಲ, ಅಲ್ಲಿಗೆ ಮಲ್ಟಿಮೀಟರೇ ಬೇಕು.