ಖಾಲಿ ಟ್ರೇ, ಮೊಟ್ಟೆ ಚಿಪ್ಪು ಮತ್ತು ರಜೆಯ ಮಕ್ಕಳು: ಮೈಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮೈಸೂರಿಗೆ ವರ್ಗವಾಗಿ ಬರುವ ಕುಟುಂಬಗಳಲ್ಲಿ ಬಹುಪಾಲು ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮನೆ ಹೂಡುತ್ತವೆ. ಹಳೆಯ ಶಾಲೆ ಮುಗಿದಿರುತ್ತದೆ, ಹೊಸ ಶಾಲೆ ತೆರೆಯಲು ಇನ್ನೂ ವಾರಗಳಿರುತ್ತವೆ, ಬೀದಿಯಲ್ಲಿ ಆಡುವ ಮಕ್ಕಳ ಹೆಸರು ನಿಮ್ಮ ಮಗುವಿಗೆ ಗೊತ್ತಿರುವುದಿಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ಹುಟ್ಟಿ ಬೆಳೆದ ಮಗುವಾದರೆ ಮನೆಯೊಳಗಿನ ಕನ್ನಡ ಅರ್ಥವಾದರೂ ಹೊರಗೆ ಬಾಯಿ ಬಿಡಲು ಹಿಂಜರಿಯುತ್ತದೆ. ನಮ್ಮ ಸಂಘದ ಅನುಭವದಲ್ಲಿ ಇಂತಹ ಮಕ್ಕಳನ್ನು ಕೂರಿಸಿ ಮಾತು ಕಲಿಸುವುದಕ್ಕಿಂತ, ನಾಲ್ಕು ಮಕ್ಕಳ ನಡುವೆ ಒಂದೇ ಕತ್ತರಿ ಇಟ್ಟು ಏನನ್ನಾದರೂ ಮಾಡಲು ಬಿಡುವುದು ಹೆಚ್ಚು ಫಲ ಕೊಟ್ಟಿದೆ. ಕತ್ತರಿ ಬೇಕಾದಾಗ ಕೇಳಲೇಬೇಕು, ಕೇಳುವಾಗ ಕನ್ನಡ ಬಂದೇ ಬರುತ್ತದೆ. ಮಾರ್ಗದರ್ಶಿಯ ಈ ಭಾಗದಲ್ಲಿ ಅದಕ್ಕೆ ಒದಗುವ ಅತಿ ಅಗ್ಗದ ಸಾಮಗ್ರಿಯ ಬಗ್ಗೆ, ಎಂದರೆ ಮೊಟ್ಟೆಯ ಖಾಲಿ ಟ್ರೇ ಮತ್ತು ಅಡುಗೆಮನೆಯಲ್ಲಿ ಉಳಿಯುವ ಚಿಪ್ಪಿನ ಬಗ್ಗೆ ಬರೆದಿದ್ದೇವೆ.

ಟ್ರೇಯನ್ನು ಹಣ ಕೊಟ್ಟು ಕೊಳ್ಳುವ ಅಗತ್ಯವಿಲ್ಲ. ಇಲ್ಲಿನ ಮೊಟ್ಟೆ ಅಂಗಡಿಗಳಲ್ಲಿ ಬೂದು ಬಣ್ಣದ, ಕಾಗದದ ತಿರುಳಿನಿಂದ ಅಚ್ಚು ಹಾಕಿದ, ಐದು ಸಾಲಿಗೆ ಆರರಂತೆ 30 ಮೊಟ್ಟೆ ಹಿಡಿಯುವ ಟ್ರೇಗಳೇ ಬಳಕೆಯಲ್ಲಿವೆ. ಅಂಗಡಿಯವರು ಚೆನ್ನಾಗಿರುವ ಟ್ರೇಗಳನ್ನು ಮೊಟ್ಟೆ ತರುವ ಗಾಡಿಗೆ ವಾಪಸು ಕೊಡುವುದುಂಟು, ಆದ್ದರಿಂದ "ಅಣ್ಣಾ, ಅಂಚು ಹರಿದಿರೋ ಖಾಲಿ ಟ್ರೇ ಇದ್ರೆ ಎರಡು ಕೊಡ್ತೀರಾ?" ಎಂದು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಈ ಮಾತನ್ನು ಮಗುವಿನ ಬಾಯಿಂದಲೇ ಆಡಿಸಿ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ತತ್ತಿ ಎಂದರೆ ಇಲ್ಲಿನ ಅಂಗಡಿಯವರು ಒಂದು ಕ್ಷಣ ತಡವರಿಸಬಹುದು, ಈ ಊರಿನ ಬಳಕೆ ಮೊಟ್ಟೆ ಎಂದೇ. ಸೂಪರ್ ಮಾರ್ಕೆಟ್ಟಿನಲ್ಲಿ ಆರಕ್ಕೋ ಹನ್ನೆರಡಕ್ಕೋ ಬರುವ ಮುಚ್ಚಳವುಳ್ಳ ಪೆಟ್ಟಿಗೆಯೂ ಆಗುತ್ತದೆ, ಪಾರದರ್ಶಕ ಪ್ಲಾಸ್ಟಿಕ್ಕಿನದು ಮಾತ್ರ ಕತ್ತರಿಸಿದಾಗ ಅಂಚು ಚೂಪಾಗಿ ಕೈ ಕೊಯ್ಯುವುದರಿಂದ ಬೇಡ.

ಮುಂದುವರಿಯುವ ಮುನ್ನ ಒಂದು ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಊರಿನ ಅನೇಕ ಮನೆಗಳಲ್ಲಿ ಮೊಟ್ಟೆಯನ್ನು ಒಳಗೆ ತರುವುದಿಲ್ಲ, ಮೊಟ್ಟೆ ಮುಟ್ಟಿದ ಟ್ರೇಯನ್ನೂ ತರುವುದಿಲ್ಲ. ಕೆಲವು ವರ್ಷಗಳ ಹಿಂದೆ ದಸರೆಯ ರಜೆಯಲ್ಲಿ ನಾವು ಮಾಡಿಸಿದ ಆನೆಯೊಂದನ್ನು ಹುಡುಗಿಯೊಬ್ಬಳು ಪಕ್ಕದ ಮನೆಯಲ್ಲಿ ಕೂರಿಸಿದ್ದ ಗೊಂಬೆಗಳ ಮೆಟ್ಟಿಲ ಮೇಲೆ ಪ್ರೀತಿಯಿಂದ ಇಟ್ಟು ಬಂದಳು. ಆ ಮನೆಯ ಅಜ್ಜಿ ಒಂದು ಮಾತನ್ನೂ ಆಡದೆ ಅವಳ ಕೈತುಂಬ ಗೊಂಬೆ ಬಾಗಿನ ಕೊಟ್ಟು ಕಳುಹಿಸಿ, ಅವಳು ಗೇಟು ದಾಟಿದ ಮೇಲೆ ಆನೆಯನ್ನು ಎತ್ತಿ ಹೊರಗಿನ ಜಗಲಿಯಲ್ಲಿಟ್ಟು, ಗೊಂಬೆಗಳಿಗೆ ಹೊಸ ಬಟ್ಟೆ ಹಾಸಿದರು. ಮಗುವಿಗೆ ಇದು ಗೊತ್ತಿರುವ ಸಂಗತಿಯಲ್ಲ. ಮೊದಲೇ ಹೇಳಬೇಕಾಗಿದ್ದವರು ನಾವು. ಅಂದಿನಿಂದ ನಾವು ಎರಡು ಬಗೆಯ ಟ್ರೇ ಇಟ್ಟುಕೊಳ್ಳುತ್ತೇವೆ. ಸೇಬಿನ ಪೆಟ್ಟಿಗೆಯೊಳಗೆ ಹಣ್ಣು ಉರುಳದಂತೆ ಇಡುವ ಟ್ರೇಗಳಲ್ಲಿಯೂ ಸಾಲು ಸಾಲು ಗುಳಿಗಳಿರುತ್ತವೆ, ದೇವರಾಜ ಮಾರುಕಟ್ಟೆಯ ಹಣ್ಣಿನ ಅಂಗಡಿಗಳಲ್ಲಿ ಅವನ್ನು ಕೇಳಿ ಪಡೆಯಬಹುದು. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವಂತೆ ಇದೂ ಒಂದು ಏರ್ಪಾಡು. ಮಕ್ಕಳನ್ನು ಮನೆಗೆ ಕರೆಯುವಾಗ ಅವರ ತಾಯಿತಂದೆಯರನ್ನು ಆಚಾರದ ಬಗ್ಗೆ ಮಾತ್ರವಲ್ಲದೆ, ಮೊಟ್ಟೆಯಿಂದ ಅಲರ್ಜಿ ಇದೆಯೇ ಎಂದೂ ಕೇಳಿಕೊಳ್ಳಿ. ಚಿಕ್ಕ ಮಕ್ಕಳಲ್ಲಿ ಅದು ಅಪರೂಪವೇನಲ್ಲ.

ಶುಚಿತ್ವದ ಮಾತು ಇಷ್ಟು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಸಿ ಮೊಟ್ಟೆಯ ಒಳಗೂ ಚಿಪ್ಪಿನ ಮೇಲೂ ಇರಬಹುದಾದ್ದರಿಂದ, ಲೋಳೆ ಸೋರಿ ಕಲೆಯಾದ ಅಥವಾ ಹಿಕ್ಕೆ ಮೆತ್ತಿದ ಟ್ರೇಯನ್ನು ಬಳಸಬೇಡಿ, ಕಾಗದದ ಟ್ರೇಯನ್ನು ತೊಳೆಯಲು ಹೋಗಬೇಡಿ, ಚೆನ್ನಾಗಿ ಕಾಣುವುದನ್ನೂ ತಾರಸಿಯ ಮೇಲೆ ಎರಡು ದಿನ ಬಿಸಿಲಿಗೆ ಒಣಗಿಸಿ. ಬಿಸಿಲಿಗೆ ಎಲ್ಲವೂ ಸಾಯುತ್ತದೆ ಎಂದು ನಂಬಿ ಕೂರುವಂತಿಲ್ಲ; ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕೋಡುಬಳೆ ತಟ್ಟೆಯ ಹತ್ತಿರ ಯಾರನ್ನೂ ಬಿಡಬೇಡಿ.

ಟ್ರೇಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಆಗಲೇ ಒಂದು ಆನೆ ಇರುವುದು ಕಾಣುತ್ತದೆ. ಎರಡಕ್ಕೆ ಎರಡರಂತೆ ನಾಲ್ಕು ಗುಳಿಗಳ ತುಂಡೊಂದನ್ನು ಕತ್ತರಿಸಿ ಮೇಜಿನ ಮೇಲಿಡಿ: ನಾಲ್ಕು ಗುಳಿಗಳ ತಳ ನಾಲ್ಕು ಕಾಲಾಗಿ ನೆಲಕ್ಕೆ ಊರುತ್ತದೆ, ನಾಲ್ಕರ ನಡುವೆ ಗೋಪುರದಂತೆ ಎದ್ದಿರುವ ಮೊನೆ ಬೆನ್ನ ಮೇಲೆ ಅಂಬಾರಿ ಕೂರಿಸಿದಂತೆ ನಿಲ್ಲುತ್ತದೆ. ಬೆನ್ನಿನ ಕಡೆ ಗುಳಿಗಳು ಬಾಯಿ ತೆರೆದಿರುವುದನ್ನು ಮುಚ್ಚಲು ಕೆಂಪು ಕಾಗದವನ್ನೋ ಹಳೆಯ ರವಿಕೆ ಬಟ್ಟೆಯ ತುಂಡನ್ನೋ ಚೌಕವಾಗಿ ಕತ್ತರಿಸಿ, ನಡುವೆ ಮೊನೆ ತೂರುವಷ್ಟು ಕಂಡಿ ಮಾಡಿ ಮೇಲಿನಿಂದ ಇಳಿಬಿಡಿ. ದಸರೆಯ ಆನೆಗಳಿಗೆ ಅಂಬಾರಿಯ ಕೆಳಗೆ ಕಟ್ಟುವ ಹಾಸನ್ನು ನಮ್ದಾ, ಗಾದಿ ಎನ್ನುತ್ತಾರೆ, ಈ ಮಾತುಗಳನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ತಲೆಗೆ ಇನ್ನೊಂದು ಬಿಡಿ ಗುಳಿಯನ್ನು ಕತ್ತರಿಸಿ, ಬಾಯಿ ಒಳಮುಖವಾಗಿರುವಂತೆ ಮುಂದಿನ ಕಾಲುಗಳ ಮೇಲ್ಭಾಗಕ್ಕೆ ಫೆವಿಕಾಲ್ ಹಚ್ಚಿ ಅಂಟಿಸಿ, ಅಂಟು ಹಿಡಿಯುವವರೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಡಿ. ಕೈಯಲ್ಲಿ ಒತ್ತಿ ಹಿಡಿಯಲು ಹೋದರೆ ಅಂಟಿನ ತೇವಕ್ಕೆ ತಿರುಳು ಮೆತ್ತಗಾಗಿ ತಲೆ ಚಪ್ಪಟೆಯಾಗುತ್ತದೆ. ಸೊಂಡಿಲಿಗೆ ಕಾಗದದ ಪಟ್ಟಿಯನ್ನು ಪೆನ್ಸಿಲ್ಲಿಗೆ ಸುತ್ತಿ ಬಿಚ್ಚಿದರೆ ಸಾಕು, ಕಿವಿಗೆ ರಟ್ಟು ಇದ್ದೇ ಇರುತ್ತದೆ. ಮೈಗೆ ಬಣ್ಣ ಬೇಕಿಲ್ಲ, ಟ್ರೇಯ ಬಣ್ಣವೇ ಆನೆಯ ಬಣ್ಣ. ಜಂಬೂ ಸವಾರಿಯಲ್ಲಿ 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆಯ ಅಕ್ಕಪಕ್ಕದಲ್ಲಿ ಎರಡು ಕುಮ್ಕಿ ಆನೆಗಳು ಸಾಗುವುದನ್ನು ಹೇಳಿದರೆ ಮಕ್ಕಳು ತಾವಾಗಿಯೇ ಇನ್ನೆರಡು ಆನೆ ಮಾಡಲು ಕೂರುತ್ತಾರೆ. ಅವುಗಳ ಮೊನೆಯನ್ನು ಬಟ್ಟೆಯಡಿ ಒತ್ತಿ ಬಗ್ಗಿಸಿಬಿಟ್ಟರಾಯಿತು.

ದೊಡ್ಡ ಮಕ್ಕಳಿಗೆ ನಾವು ಮೊದಲು ಸೂಚಿಸುವುದು ಅಳಗುಳಿ ಮಣೆ. ಕರಾವಳಿಯಿಂದ ಬಂದವರಿಗೆ ಇದೇ ಚೆನ್ನೆಮಣೆ. ಹೊಸ ಹೊಸ ಮಣೆಯಾಟಗಳನ್ನು ತಾವೇ ರೂಪಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಮಕ್ಕಳು ಫೋನಿನಲ್ಲಷ್ಟೇ ಆಟ ಆಡುವುದು ನಮಗೇಕೋ ಸರಿಕಾಣುವುದಿಲ್ಲ. ಮಣೆಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ ಬೇಕು, ಟ್ರೇಯಲ್ಲಾದರೆ ಉದ್ದಕ್ಕೆ ಆರೇ ಗುಳಿ. ಈ ಲೆಕ್ಕವನ್ನು ಮಕ್ಕಳಿಗೇ ಬಿಡಿಸಲು ಕೊಡಿ. ಎರಡು ಸಾಲುಗಳನ್ನು ಕತ್ತರಿಸಿಕೊಂಡು, ಉಳಿದ ಭಾಗದಿಂದ ಎರಡು ಗುಳಿಗಳ ತುಂಡು ತೆಗೆದು ಕೊನೆಗೆ ಜೋಡಿಸಿ, ಇಡಿಯಾಗಿ ಒಂದು ರಟ್ಟಿನ ಮೇಲೆ ಅಂಟಿಸಿದರೆ ಮಣೆ ಅಲುಗಾಡುವುದಿಲ್ಲ. ಜಾಣತನದಿಂದ ಕತ್ತರಿಸಿದರೆ ಒಂದೇ ಟ್ರೇಯಲ್ಲಿ ಒಂದು ಮಣೆ, ತಲೆಸಹಿತ ಎರಡು ಆನೆ ಆಗುತ್ತವೆ. ಕಾಯಿಗಳಿಗೆ ಹುಣಸೆ ಬೀಜ ಉತ್ತಮ: ಗುಳಿಗೆ ಐದರಂತೆ 70 ಬೀಜ. ಹಳೆಯ ಮನೆಗಳಲ್ಲಿ ಗುಲಗಂಜಿಯಿಂದ ಆಡುವುದನ್ನು ನೀವು ಕಂಡಿರಬಹುದು, ಆದರೆ ಗುಲಗಂಜಿ ಕಡು ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಹುಣಸೆ ಬೀಜವೂ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು ಎಂಬುದು ನೆನಪಿರಲಿ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಿ, ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಹಂಚುವುದು, ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಂಡು ಎದುರಾಳಿಗೆ ಆಟ ಬಿಟ್ಟುಕೊಡುವುದು, ಇಷ್ಟು ಗೊತ್ತಿದ್ದರೆ ಆರಂಭಿಸಬಹುದು. ಉಳಿದ ನಿಯಮಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ, ಅವನ್ನು ನಿಮ್ಮ ಬೀದಿಯ ಹಿರಿಯರನ್ನೇ ಕೇಳಿ. ಮಗು ಮಣೆ ಹಿಡಿದು "ಅಜ್ಜಿ, ಇದು ಹೇಗೆ ಆಡೋದು ಹೇಳಿಕೊಡ್ತೀರಾ?" ಎಂದು ಬಾಗಿಲಲ್ಲಿ ನಿಂತರೆ ಒಳಗೆ ಕರೆಯದವರನ್ನು ನಾವು ಇನ್ನೂ ಕಂಡಿಲ್ಲ, ಹಾಗೆ ಹೋಗುವ ಮಣೆಯನ್ನು ಸೇಬಿನ ಟ್ರೇಯಲ್ಲಿ ಮಾಡಿರುವುದು ಒಳ್ಳೆಯದು.

ಇನ್ನು ಚಿಪ್ಪು. ಇಡೀ ಚಿಪ್ಪು ಬೇಕೆಂದು ಮೊಟ್ಟೆಗೆ ತೂತು ಮಾಡಿ ಬಾಯಿಂದ ಊದುವ ಕ್ರಮವನ್ನು ಮಕ್ಕಳಿಂದ ಮಾಡಿಸಬೇಡಿ, ಹಸಿ ಲೋಳೆ ತುಟಿಗೆ ತಾಗುತ್ತದೆ. ದೊಡ್ಡವರು ಮೊಟ್ಟೆಯ ಅಗಲವಾದ ತುದಿಯಲ್ಲಿ, ಒಳಗೆ ಗಾಳಿಯ ಗೂಡು ಇರುವ ಕಡೆ, ದಬ್ಬಣದಿಂದ ಒಂದು ತೂತು, ಎದುರು ತುದಿಯಲ್ಲಿ ಇನ್ನೊಂದು ತೂತು ಮಾಡಿ, ಒಳಗಿನ ಹಳದಿಯನ್ನು ಕಲಕಿ, ಸೂಜಿಯಿಲ್ಲದ ಸಿರಿಂಜಿನಿಂದ ಗಾಳಿ ಒತ್ತಿದರೆ ಎಲ್ಲವೂ ಬಟ್ಟಲಿಗೆ ಇಳಿಯುತ್ತದೆ. ಅದು ಆ ಹೊತ್ತಿನ ಆಮ್ಲೆಟ್ಟಿಗೆ. ನಿಜ ಹೇಳುವುದಾದರೆ ಇಷ್ಟು ಶ್ರಮ ಬೇಕಾಗುವುದು ಅಪರೂಪ. ಆಮ್ಲೆಟ್ ಮಾಡುವಾಗ ಚೂಪಾದ ತುದಿಯಲ್ಲಿ ಚಮಚದಿಂದ ತಟ್ಟಿ ಪುಟ್ಟ ಟೋಪಿಯಷ್ಟೇ ತೆಗೆದರೆ ಉಳಿದದ್ದು ಬಟ್ಟಲಾಗುತ್ತದೆ. ಅದನ್ನು ತೊಳೆದು ಐದು ನಿಮಿಷ ನೀರಿನಲ್ಲಿ ಕುದಿಸಿ, ಒಣಗಿಸಿ, ಮಸಿಯಿಂದ ಕಣ್ಣು ಮೀಸೆ ಬರೆದು, ಮಣ್ಣು ತುಂಬಿ ಮೆಂತ್ಯವನ್ನೋ ಸಾಸಿವೆಯನ್ನೋ ಬಿತ್ತಿ, ಟ್ರೇಯ ಗುಳಿಯಲ್ಲಿಯೇ ಕೂರಿಸಿ ಕಿಟಕಿಯಲ್ಲಿಡಿ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯಪ್ಪನಿಗೆ ಹಸಿರು ಕೂದಲು ಬರುತ್ತದೆ. ರಾಗಿಯನ್ನೂ ಬಿತ್ತಬಹುದು, ಊಟಕ್ಕೆ ಬರುವ ಮುದ್ದೆ ಪೈರಾಗಿ ಹೇಗಿರುತ್ತದೆ ಎಂಬುದನ್ನು ನಗರದ ಮಗು ಅಷ್ಟಾದರೂ ನೋಡಲಿ.

ಒಡೆದ ಚಿಪ್ಪಿಗೂ ಕೆಲಸವಿದೆ. ಅರಮನೆಯ ಅಂಬಾವಿಲಾಸದಲ್ಲಿ ಬೀಟೆ ಮರಕ್ಕೆ ದಂತ ಕೂರಿಸಿದ ಬಾಗಿಲನ್ನು ಮಕ್ಕಳಿಗೆ ಮೊದಲು ತೋರಿಸಿಕೊಂಡು ಬನ್ನಿ. ಮೈಸೂರಿನ ಈ ಇನ್‌ಲೇ ಕಸುಬಿನಲ್ಲಿ ಹಿಂದೆ ಬಳಸುತ್ತಿದ್ದ ದಂತ ಈಗ ನಿಷಿದ್ಧ, ಮಕ್ಕಳ ಇನ್‌ಲೇಗೆ ಅದರ ಜಾಗದಲ್ಲಿ ಫಾರಂ ಕೋಳಿಯ ಬಿಳಿ ಮೊಟ್ಟೆಯ ಚಿಪ್ಪನ್ನು ಇಟ್ಟುಕೊಳ್ಳಬಹುದು. ಚಿಪ್ಪಿನೊಳಗಿನ ತೆಳುಪೊರೆಯನ್ನು ನೀರಿನಲ್ಲಿ ನೆನೆಸಿ ಸುಲಿದು ತೆಗೆಯಿರಿ, ಇಲ್ಲವಾದರೆ ಅಂಟು ಹಿಡಿಯುವುದಿಲ್ಲ. ಕಪ್ಪು ಕಾಗದದ ಮೇಲೆ ನವಿಲನ್ನೋ ಬಳ್ಳಿಯನ್ನೋ ಬರೆದು, ಗೆರೆಯೊಳಗೆ ಅಂಟು ಹಚ್ಚಿ, ಚಿಪ್ಪಿನ ದೊಡ್ಡ ತುಂಡೊಂದನ್ನು ಇಟ್ಟು ಬೆರಳಿನಿಂದ ಒತ್ತಿದರೆ ಅದು ಅಲ್ಲಿಯೇ ಬಿರಿದು ಸಣ್ಣ ಸಣ್ಣ ಹೋಳುಗಳಾಗಿ ನಡುವೆ ಕಪ್ಪು ಗೆರೆಗಳನ್ನು ಬಿಡುತ್ತದೆ. ಆ ಬಿರಿಯುವ ಸದ್ದಿಗಾಗಿಯೇ ಕೆಲವು ಮಕ್ಕಳು ಎರಡನೆಯ ಚಿತ್ರಕ್ಕೆ ಕೈ ಹಾಕುತ್ತಾರೆ.

ಬಣ್ಣ ಬೇಕಾದರೆ ಈರುಳ್ಳಿ ಸಿಪ್ಪೆ, ಬೀಟ್‌ರೂಟ್, ಅರಿಶಿನ ಇವುಗಳನ್ನು ಬೇರೆ ಬೇರೆ ಕುದಿಸಿ ಸೋಸಿದ ನೀರಿಗೆ ಒಂದು ಲೋಟಕ್ಕೆ ಒಂದು ಚಮಚದಂತೆ ವಿನೆಗರ್ ಬೆರೆಸಿ, ಚಿಪ್ಪನ್ನು ಒಂದೆರಡು ಗಂಟೆ ಮುಳುಗಿಸಿಡಿ. ನಾಟಿ ಕೋಳಿ ಮೊಟ್ಟೆಯ ಕಂದು ಚಿಪ್ಪಿನ ಮೇಲೆ ಈ ಬಣ್ಣಗಳು ಮಂಕಾಗಿ ಕಾಣುತ್ತವೆ. ವಿನೆಗರ್ ಹೆಚ್ಚು ಹಾಕಿದರೆ ಬಣ್ಣ ಹಿಡಿಯುವ ಬದಲು ಚಿಪ್ಪೇ ಕರಗುತ್ತದೆ, ಏಕೆಂದರೆ ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನೇ ಒಂದು ಆಟವಾಗಿಸಿ, ಹಸಿ ಮೊಟ್ಟೆಯೊಂದನ್ನು ಬರೀ ವಿನೆಗರಿನಲ್ಲಿ ಒಂದೆರಡು ದಿನ ಬಿಟ್ಟರೆ ಗುಳ್ಳೆ ಏಳುತ್ತ ಚಿಪ್ಪು ಮಾಯವಾಗಿ ಪೊರೆಯ ಚೀಲ ಮಾತ್ರ ಉಳಿಯುತ್ತದೆ. ಅದನ್ನು ಮುಟ್ಟಿ ನೋಡಲು ಬಿಡಿ, ತಿನ್ನಲು ಬೇಡ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದು, ವಿನೆಗರ್ ಬಿದ್ದರೆ ಮತ್ತೆ ಹಳದಿಗೆ ತಿರುಗುವುದು ಮಕ್ಕಳಿಗೆ ಇನ್ನೊಂದು ಸೋಜಿಗ. ಆರತಿ ತಟ್ಟೆಯ ಓಕುಳಿ ಹಾಗೆಯೇ ಆಗುವುದು ಎಂದು ಹೇಳಿ, ಸುಣ್ಣದ ಡಬ್ಬಿ ಮಾತ್ರ ನಿಮ್ಮ ಕೈಯಲ್ಲಿರಲಿ, ಕಣ್ಣಿಗೆ ಬಿದ್ದರೆ ಕೇಡು. ಸುಣ್ಣ, ಅರಿಶಿನ, ಬಣ್ಣದ ಪುಡಿ ಎಲ್ಲವೂ ಇಲ್ಲಿನವರು ಗ್ರಂಥಿಗೆ ಅಂಗಡಿ ಎನ್ನುವ ಅಂಗಡಿಯಲ್ಲಿ ಒಟ್ಟಿಗೆ ಸಿಗುತ್ತವೆ.

ಬೇಯಿಸಿದ ಮೊಟ್ಟೆಗೆ ಬಣ್ಣ ಹಾಕಿ ತಿನ್ನುವುದಾದರೆ ಏಪ್ರಿಲ್ ಸೆಖೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಒಮ್ಮೆ ನಾವು ಮೂವತ್ತು ಮೊಟ್ಟೆ ಬೇಯಿಸಿ ಬಣ್ಣ ಹಾಕಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿ ಮರೆತು, ಸೋಮವಾರ ಬಾಗಿಲು ತೆರೆದವರು ಮೂಗು ಮುಚ್ಚಿಕೊಂಡು ಹೊರಗೋಡಿದರು. ಕೆಲಸ ಮುಗಿದ ಮೇಲೆ ಉಳಿದ ಚಿಪ್ಪನ್ನು ಪುಡಿ ಮಾಡಿ ಕರಿಬೇವಿನ ಗಿಡದ ಬುಡಕ್ಕೆ ಹಾಕಿ, ಇಲ್ಲವೇ ಹಸಿ ಕಸದ ಬುಟ್ಟಿಗೆ. ಬಣ್ಣ ಬಳಿದ ಟ್ರೇ ತುಂಡುಗಳು ಒಣ ಕಸಕ್ಕೆ. ಪೌರಕಾರ್ಮಿಕರು ಬೆಳಿಗ್ಗೆ ಸೀಟಿ ಊದಿದಾಗ ಎರಡೂ ಬುಟ್ಟಿಗಳನ್ನು ಬೇರೆ ಬೇರೆಯಾಗಿಯೇ ಕೊಡಬೇಕು.