ಮಗಳನ್ನೇ ‘ಉಸ್ತೆದ್’ ಅನ್ನುವ ಅಮ್ಮ

ನಾನು ಮೈಸೂರಿನವಳು. ಟೆಕ್ಸಾಸ್‌ನ ಒಂದು ಹೈಸ್ಕೂಲಿನಲ್ಲಿ ಎಪಿ ಸ್ಪ್ಯಾನಿಷ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಸ್ಪ್ಯಾನಿಷ್, ಕಲಿಸುತ್ತೇನೆ. ಮೊದಲ ವರ್ಷ ನನ್ನ ಪಾಲಿಗೆ ಸಂಸ್ಕೃತಿ ಅಂದರೆ ಶುಕ್ರವಾರದ ಕೊನೆಯ ಪೀರಿಯಡ್ಡು. ಮೆಕ್ಸಿಕೊದ ತಿಂಡಿ ಟಾಕೊ, ಒಂದೆರಡು ಹಾಡು, ನವೆಂಬರ್‌ನಲ್ಲಿ ಅಲ್ಲಿನವರು ಸತ್ತವರನ್ನು ನೆನೆಯುವ ಹಬ್ಬ ಬಂದರೆ ಕಾಗದದ ತಲೆಬುರುಡೆ. ಮಕ್ಕಳಿಗೆ ಖುಷಿ, ನನಗೂ ಸುಲಭ.

ಪ್ರಾಕ್ಟೀಸ್ ಪರೀಕ್ಷೆಯಲ್ಲಿ ಬಣ್ಣ ಬಯಲಾಯಿತು. ಸ್ಪ್ಯಾನಿಷ್ ಆಡುವ ಒಂದು ಸಮುದಾಯವನ್ನು ನಿಮ್ಮ ಸಮುದಾಯದ ಜೊತೆ ಹೋಲಿಸಿ 2 ನಿಮಿಷ ಮಾತಾಡಬೇಕು. ತಯಾರಿಗೆ 4 ನಿಮಿಷ. “ಅವರೂ ಹಬ್ಬ ಮಾಡ್ತಾರೆ, ನಾವೂ ಮಾಡ್ತೀವಿ” ಅಂದವರೇ ಸುಮಾರು ಜನ ಅಲ್ಲಿಗೇ ನಿಲ್ಲಿಸಿಬಿಟ್ಟರು.

ಆಮೇಲೆ ಒಂದು ದಿನ ಬೋರ್ಡಿನ ಮೇಲೆ ಬರೆದೆ: ಮನೆಯವರಿಗೆ, ಗೆಳೆಯರಿಗೆ ‘ತೂ’, ಹಿರಿಯರಿಗೆ, ಗುರುತಿಲ್ಲದವರಿಗೆ ‘ಉಸ್ತೆದ್’. ನಮ್ಮ ನೀನು, ನೀವು ಇದ್ದ ಹಾಗೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ನಮ್ಮಮ್ಮ ನನ್ನನ್ನೇ ಉಸ್ತೆದ್ ಅಂತಾರಲ್ಲ ಮಿಸ್?”

ಅವಳ ಮನೆಯವರು ಕೊಲಂಬಿಯಾದ ಬೊಗೊಟಾದವರು. ಆ ಕಡೆ ಎಷ್ಟೋ ಮನೆಗಳಲ್ಲಿ ಉಸ್ತೆದ್ ಸಲಿಗೆಯ ಮಾತೂ ಹೌದು. ಬರೆದದ್ದನ್ನು ಅಳಿಸಿದೆ. ನನ್ನ ಮನೆ ಕತೆ ಹೇಳಿದೆ: ಅಮ್ಮನಿಗೆ ನೀನು, ಅಪ್ಪನಿಗೆ ನೀವು. “ಹಾಗಾದ್ರೆ ಅಮ್ಮ ಅಂದ್ರೆ ಗೌರವ ಕಮ್ಮಿನಾ?” ಅಂದ ಇನ್ನೊಬ್ಬ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವತ್ತಿನ ಹೋಮ್‌ವರ್ಕ್ ಅಷ್ಟೇ: ನಿಮ್ಮ ಮನೆಯಲ್ಲಿ ಯಾರು ಯಾರನ್ನು ಏನಂತಾರೆ, ಯಾಕೆ? ವಿಯೆಟ್ನಾಂ ಮೂಲದ ಹುಡುಗ ಮರುದಿನ ದೊಡ್ಡ ಪಟ್ಟಿಯನ್ನೇ ತಂದ. ಅವರಲ್ಲಿ ‘ನೀನು’ ಅನ್ನುವ ಜಾಗದಲ್ಲಿ ಅಣ್ಣ, ಚಿಕ್ಕಮ್ಮ, ಅಜ್ಜ ಅಂತ ಸಂಬಂಧದ ಹೆಸರೇ ಬರುತ್ತದಂತೆ.

ಈಗ ತಲೆಬುರುಡೆ ಅಂಟಿಸುವುದಿಲ್ಲ. ಮೆಕ್ಸಿಕೊದ ಸತ್ತವರ ದಿನಕ್ಕೆ ಒಂದು ಒಫ್ರೆಂದಾದ, ಅಂದರೆ ತೀರಿಹೋದವರಿಗೆ ಮನೆಯಲ್ಲಿ ಅಲಂಕರಿಸಿಡುವ ಪೀಠದ, ಫೋಟೊ ತೋರಿಸಿ, ಅಲ್ಲಿ ಲೋಟದಲ್ಲಿ ನೀರು ಯಾಕೆ ಅಂತ ಕೇಳುತ್ತೇನೆ. ದೂರದಿಂದ ಬಂದ ಜೀವಕ್ಕೆ ಬಾಯಾರಿರುತ್ತದೆ, ಅಲ್ವಾ? ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುವುದನ್ನೂ ಹೇಳುತ್ತೇನೆ. ಒಫ್ರೆಂದಾಕ್ಕೆ ಹಾಕುವ ಚೆಂಡು ಹೂವಿನ ತವರೂ ಮೆಕ್ಸಿಕೊನೇ, ನಮಗೆ ಆಮೇಲೆ ಬಂದದ್ದು. ಹಾಗಂತ “ಎರಡೂ ಒಂದೇ” ಅಂದರೆ ಮಾರ್ಕ್ಸ್ ಕೊಡಲ್ಲ. ಅಲ್ಲಿ ಎಷ್ಟೋ ಊರುಗಳಲ್ಲಿ ರಾತ್ರಿಯಿಡೀ ಸಮಾಧಿ ಪಕ್ಕ ಕೂತು ಊಟ, ಮಾತು, ಹಾಡು. ನಮ್ಮಜ್ಜಿ ಕೇಳಿದ್ದರೆ ಬೆಚ್ಚಿಬೀಳುತ್ತಿದ್ದರು.

ಟಾಕೊ ಬಿಟ್ಟಿಲ್ಲ. ಮೇ ತಿಂಗಳ ಪರೀಕ್ಷೆ ಮುಗಿದ ಮೇಲೆ ಸುಮ್ನೆ ಕೂತು ತಿನ್ನುತ್ತೇವೆ.